ಆರತಿಯ ಹೊಟ್ಟೆಯ ಮೇಲಿನ ಗುರುತು

ಅತ್ತೆಯವರಿಗೆ ಪುಣೆಯಿಂದ ಸಪ್ನಾಳ ನಮಸ್ಕಾರ.

ಫೋನಿನಲ್ಲಿ ನನ್ನ ಮಾತು ಮುಗಿಯುವ ಮುಂಚೆಯೇ ನೀವು ಶುರು ಮಾಡುತ್ತೀರಿ, ಅದಕ್ಕೇ ಈ ಪತ್ರ. ಮೈದುನನ ಕೈಲಿ ಓದಿಸಿಕೊಳ್ಳಿ.

ಆಪರೇಷನ್ ಆದಮೇಲೆ ನಿಮ್ಮ ಮೊಮ್ಮಗಳು ಆರತಿ ಕುಡಿದ ಹಾಲು ಕಕ್ಕುತ್ತಿಲ್ಲ, ಎದೆ ಉರಿದು ಅಳುತ್ತಲೂ ಇಲ್ಲ. ಆದರೆ ನೀವು ವಿಡಿಯೊ ಕಾಲಿನಲ್ಲಿ ಅವಳ ಹೊಟ್ಟೆಯ ಮೇಲಿನ ಗುರುತುಗಳನ್ನು ನೋಡಿ, "ಪುಣೇದ ಡಾಕ್ಟರೂ ಕಡೀಕ ಬರೇನ ಹಾಕ್ಯಾನ, ನಾ ಮೊದ್ಲ ಹೇಳಿದ್ದಿಲ್ಲೇನು?" ಎಂದು ಓಣಿಗೆಲ್ಲ ಸಾರಿದ್ದೀರಂತೆ. ಅವು ಕಾದ ಸೂಜಿಯಿಂದ ಸುಟ್ಟ ಬರೆಗಳಲ್ಲ ಅತ್ತೆ! ಆ ಸಣ್ಣ ತೂತುಗಳಿಂದ ಕ್ಯಾಮೆರಾ ಒಳಗೆ ಬಿಟ್ಟು, ಹಾಲು ಮೇಲೆ ಬಾರದಂತೆ ಹೊಟ್ಟೆಯ ಬಾಯಿ ಬಿಗಿ ಮಾಡಿದ್ದಾರೆ. ಎಷ್ಟು ಸಲ ಹೇಳಲಿ?

ಈಗ ನಿಮ್ಮ ಪಕ್ಕದ ಮನೆಯ ಅವ್ವಮ್ಮ ಹಾಲು ಕಕ್ಕುವ ತನ್ನ ಮೊಮ್ಮಗನಿಗೂ ನಿಮ್ಮಿಂದ ಬರೆ ಹಾಕಿಸುತ್ತಾಳಂತೆ. ಕೂಸನ್ನು ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಲಿ. ಎಷ್ಟೋ ಕೂಸುಗಳಿಗೆ ಆಪರೇಷನ್ನೂ ಬೇಕಾಗುವುದಿಲ್ಲ. ನೀವು ಮಾತ್ರ ಸೂಜಿ ಕಾಯಿಸಬೇಡಿ.

ಹೊಟ್ಟೆನೋವೆಂದು ಚಿಕ್ಕಂದಿನಲ್ಲಿ ನನಗೂ ಬರೆ ಹಾಕಿದ್ದರು. ಮರುದಿನದಿಂದ ನಾನು ಅಳಲಿಲ್ಲ, ಗುಣವಾಯಿತೆಂದರು. ನೋವು ಹೋಗಿರಲಿಲ್ಲ ಅತ್ತೆ. ಇನ್ನೊಂದು ಬರೆ ಬೀಳುತ್ತದೆಂದು ಹೆದರಿ, ನೋಯುತ್ತದೆ ಎಂದು ಹೇಳುವುದನ್ನೇ ಬಿಟ್ಟಿದ್ದೆ.

ನಿಮ್ಮ ಸೊಸೆ,
ಸಪ್ನಾ