ಕೆಳಗಿನ ಪರದೆಯಿಂದ ಅಮ್ಮ

ಆಸ್ಪತ್ರೆ, ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ
ಹದಿನಾಲ್ಕನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಮಿಣುಕೀ,

ಹೇಗಿದ್ದೀಯಮ್ಮ? ಕೆಮ್ಮು ಕಡಿಮೆಯಾಯಿತೇ? ರಂಗದ ಮೇಲಿನ ಅಟ್ಟ ಹತ್ತಿ ಆ ಧೂಳಿನಲ್ಲಿ ದೀಪ ಕಟ್ಟುವಾಗ ಮೂಗಿಗೆ ಬಟ್ಟೆ ಸುತ್ತಿಕೋ ಎಂದರೆ ನೀನು ಕೇಳುವವಳಲ್ಲ. ನಾಟಕದ ತಂಡದವರು ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾರೆಯೇ, ಹೊಸ ಊರಿನಲ್ಲಿ ಮಲಗಲು ಒಳ್ಳೆಯ ಜಾಗ ಸಿಕ್ಕಿತೇ, ಒಂದನ್ನೂ ತಿಳಿಸಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದ್ದರೂ ಇಷ್ಟನ್ನೆಲ್ಲ ಫೋನಿನಲ್ಲಿ ಹೇಳಲಾಗುತ್ತಿರಲಿಲ್ಲ ಬಿಡು. ಅದಕ್ಕೇ ನೀನು ಬಿಟ್ಟುಹೋದ ಲ್ಯಾಪ್‌ಟಾಪಿನಲ್ಲೇ ಕುಟ್ಟುತ್ತಿದ್ದೇನೆ. ಸಿಟ್ಟಿದ್ದರೂ ಕೊನೆಯವರೆಗೆ ಓದು.

ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ, ಬರೆದಿದ್ದೇನೆ ಅಂದುಕೋ. ನಿಜ ಹೇಳಬೇಕೆಂದರೆ ದಿಕ್ಕೇ ತೋಚುತ್ತಿಲ್ಲ. ಕಾರು ಮನೆ ಮುಂದೆ ಧೂಳು ತಿನ್ನುತ್ತಾ ನಿಂತಿದೆ. ಡ್ರೈವಿಂಗ್ ಕಲಿಯಲು ಬರುತ್ತಿದ್ದವರೆಲ್ಲ ಬೇರೆ ಮೇಷ್ಟ್ರನ್ನು ಹುಡುಕಿಕೊಂಡರು. ನಾನು ನಿನ್ನ ಅಮ್ಮನ ಮಂಚದ ಪಕ್ಕದ ಸ್ಟೂಲಿಗೆ ಅಂಟಿಕೊಂಡುಬಿಟ್ಟಿದ್ದೇನೆ. ಕೀಬೋರ್ಡ್ ಕಳಚಿ ತೊಡೆಯ ಮೇಲಿಟ್ಟುಕೊಂಡಿದ್ದೇನೆ. ಇದರ ಎರಡು ಪರದೆಗಳಲ್ಲಿ ಮೇಲಿನದು ನನಗೆ, ಮೇಜಿನ ಮೇಲೆ ಅಂಗಾತ ಮಲಗಿರುವ ಕೆಳಗಿನ ಪರದೆ ಅಮ್ಮನಿಗೆ. ಅವಳು ಅಲ್ಲಿ ಮಾತು ಬರೆದಿರುವ ಯಾವ ಚೌಕ ಮುಟ್ಟಿದರೂ ಆ ಮಾತು ನಾನು ಬರೆಯುತ್ತಿರುವ ಜಾಗಕ್ಕೇ ಬಂದು ಬೀಳುತ್ತದೆ. ಹಾಗಾಗಿ ಈ ಪತ್ರದ ನಡುವೆ ಒಂಟಿ ಮಾತೊಂದು ಕಂಡರೆ ಅದು ಅಮ್ಮನದು. ಅಳಿಸಲು ನನಗೆ ಕೈ ಬರುವುದಿಲ್ಲ.

ನೀರು

ನೋಡು, ಹೇಳಿ ಬಾಯಿ ಮುಚ್ಚಿಲ್ಲ, ಆಗಲೇ ಬಂತು. ಚಮಚದಲ್ಲಿ ಕುಡಿಸಿ ಮತ್ತೆ ಕೂತೆ. ನೀನು ಇದನ್ನು ಮೊದಲ ಸಲ ಮನೆಗೆ ತಂದಾಗ "ಒಂದು ಪರದೆ ನೋಡೋಕೇ ಕಣ್ಣು ಸಾಲಲ್ಲ, ಎರಡ್ಯಾಕೆ?" ಎಂದು ನಾನು ಗೇಲಿ ಮಾಡಿದ್ದೆ. "ನೀವು ಡ್ರೈವಿಂಗ್ ಕಲಿಸೋ ಕಾರಲ್ಲಿ ಎರಡು ಬ್ರೇಕ್ ಯಾಕಪ್ಪಾ?" ಎಂದು ನೀನು ನನ್ನ ಬಾಯಿ ಮುಚ್ಚಿಸಿದ್ದೆ. ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಾಗ, ರಂಗದ ದೀಪಗಳನ್ನು ಏರಿಸಿ ಇಳಿಸುತ್ತಿದ್ದ ಚೌಕಗಳಲ್ಲೆಲ್ಲ ಮಾತು ತುಂಬಿಸಿಕೊಟ್ಟೆ. ಕೆಳಗಿನ ಸಾಲಿನಲ್ಲಿ ನೀರು, ನೋವು, ಬಾ. ಮೇಲಿನ ಸಾಲಿನಲ್ಲಿ ಎಡಕ್ಕೆ ಹೌದು, ಬಲಕ್ಕೆ ಬೇಡ. ಉಳಿದಿರುವ ಒಂದು ಬಲಗೈಯನ್ನೂ ಅವಳಿಗೆ ಎತ್ತಲಾಗುವುದಿಲ್ಲ, ಬಲಕ್ಕೆ ಎಳೆದುಕೊಳ್ಳುತ್ತಾಳಷ್ಟೆ. ಅದನ್ನು ಕಂಡು, ಬೆರಳು ಮೊದಲು ಮುಟ್ಟಿದ್ದೇ ಲೆಕ್ಕ, ಎಳೆಯುವಾಗ ತಗುಲಿದ್ದು ಲೆಕ್ಕಕ್ಕಿಲ್ಲ ಎಂದು ಮಾಡಿಟ್ಟವಳೂ ನೀನೇ. ಗುಂಡಿ ಒತ್ತುವ ಬಲ ಅವಳಿಗೆಲ್ಲಿದೆ? ಸುಮ್ಮನೆ ಮುಟ್ಟಿದರೆ ಸಾಕು ಎನ್ನುವ ಯಂತ್ರ ಸಿಕ್ಕಿದ್ದು ನಮ್ಮ ಪುಣ್ಯ. "ನಾನು ಯಾರು ಗೊತ್ತಾಯ್ತಾ?" ಎಂದು ಕೇಳಿದ್ದಕ್ಕೆ ಹೌದು ಎಂದು ಬಿದ್ದಾಗ ಅಪ್ಪ ಮಗಳು ಇಬ್ಬರೂ ಹುಚ್ಚರ ಹಾಗೆ ನಕ್ಕದ್ದು ನೆನಪಿದೆಯಾ?

ಆ ಅಮ್ಮ ಈಗ ಇಲ್ಲ ಕಣೇ. ನೀನು ಹೊರಟ ಮೇಲೆ ಎಲ್ಲದಕ್ಕೂ ಬೇಡ. ಕಿಟಕಿ ತೆಗೆಯಲಾ ಎಂದರೆ ಬೇಡ. ಊಟ ಎಂದರೆ ಬೇಡ. ತುತ್ತು ಬಾಯಿಗಿಟ್ಟರೆ ಮಾತ್ರ ನುಂಗುತ್ತಾಳೆ. ನಾನೇನು ಕೈಕಟ್ಟಿ ಕೂತಿಲ್ಲ. ಅವಳಿಗೆ ಎಡಗಡೆಯದು ಮಸುಕಾಗಿ ಕಾಣುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದರಲ್ಲ, ನೀನು ಹೋದ ಮರುದಿನವೇ ಅದಕ್ಕೊಂದು ಉಪಾಯ ಮಾಡಿದೆ. ಕಲಿಯುವವರಿಗೆ ಗುರುತಿಗಿರಲಿ ಎಂದು ಕಾರಿನ ಗಾಜಿಗೆ ಅಂಟಿಸುತ್ತೇನಲ್ಲ, ದಪ್ಪನೆಯ ಕೆಂಪು ರಬ್ಬರ್ ಬೊಟ್ಟು, ಅದರಲ್ಲೊಂದನ್ನು ಹೌದು ಎಂಬ ಚೌಕದ ಮೇಲೆ ಅಚ್ಚುಕಟ್ಟಾಗಿ ಕೂರಿಸಿದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗಲಿ ಎಂದು. ಬೇಡ ಎಂಬುದಕ್ಕೆ ಅಂಟಿಸಲಿಲ್ಲ. ಅದನ್ನು ನಾನ್ಯಾಕೆ ಸುಲಭ ಮಾಡಿಕೊಡಲಿ? ಆದರೆ ನಿನ್ನ ತಾಯಿಯ ಹಠ ನಿನಗೆ ಗೊತ್ತಲ್ಲ. ಬೆರಳು ಬೊಟ್ಟಿನ ಮೇಲೆ ಹೋಗಿ ಕೂರುತ್ತದೆ, ಆಮೇಲೆ ಅದನ್ನು ದಾಟಿಕೊಂಡು ಬೇಡದ ಮೇಲೆ ಹೋಗುತ್ತದೆ. ನೋಡಿಕೊಳ್ಳುವ ನರ್ಸಮ್ಮ ನೀರು, ನೋವು ಎರಡನ್ನೂ ಮುಟ್ಟಿ ನೋಡಿ, "ಮಿಷನ್ ಸರಿಯಾಗೇ ಇದೆ ಮೇಷ್ಟ್ರೇ, ಇವ್ರ ಮನಸ್ಸೇ ಮುದುಡಿದೆ" ಎಂದಳು.

ಬಾ

ಇಲ್ಲೇ ಪಕ್ಕದಲ್ಲೇ ಇದ್ದೇನೆ, ಇನ್ನೆಲ್ಲಿಗೆ ಬರಲಿ? ಇದೂ ಒಂದು ಹೊಸ ಚಾಳಿ. ನಿನ್ನ ಸುದ್ದಿ ಬಂದಾಗಲೆಲ್ಲ ನನ್ನನ್ನು ಹೀಗೆ ಕರೆಯುತ್ತಾಳೆ. ಅವತ್ತು ನೀನು ಫೋನಿನಲ್ಲಿ "ಅಮ್ಮಾ, ಕೆಲಸ ಬಿಟ್ಟು ಬಂದುಬಿಡ್ಲಾ?" ಎಂದು ಕೇಳಿದಾಗಲೂ ಮೊದಲು ಬಿದ್ದದ್ದು ಬೇಡ, ಆಮೇಲೆ ಈ ಬಾ. ಆ ಬೇಡವನ್ನು ನಾನು ಇದ್ದ ಹಾಗೆ ನಿನಗೆ ಹೇಳಿದೆ. ಆ ಕಡೆ ನೀನು ಫೋನ್ ಇಟ್ಟೆ. ಅದೇ ಕೊನೆ, ಆಮೇಲೆ ನಿನ್ನ ದನಿಯೇ ಕೇಳಿಲ್ಲ. ಅಮ್ಮನ ಕಣ್ಣಿಂದ ನೀರು ಸುರಿಯುತ್ತಿತ್ತು. ಈ ಕಾಯಿಲೆಯಲ್ಲಿ ಕಾರಣವಿಲ್ಲದೆ ಅಳು ಬರುತ್ತದೆ, ಅದಕ್ಕೆ ಅರ್ಥ ಹಚ್ಚಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ ನಾನು ಒರೆಸಿ ಸುಮ್ಮನಾದೆ. ತಲೆಯಾಡಿಸೋಣವೆಂದರೆ ಅವಳಿಗೆ ಕುತ್ತಿಗೆ ನಿಲ್ಲುವುದಿಲ್ಲ. ಏನು ನಂಬಬೇಕೋ ಗೊತ್ತಾಗುವುದಿಲ್ಲ ಮಗಳೇ.

ಈಗ ಮುಖ್ಯವಾದ್ದು. ಕುತ್ತಿಗೆಯ ರಕ್ತನಾಳ ಇನ್ನೂ ಕಟ್ಟಿಕೊಂಡೇ ಇದೆಯಂತೆ. ಆಪರೇಷನ್ ಮಾಡಿ ಬಿಡಿಸದಿದ್ದರೆ ಇನ್ನೊಂದು ಏಟು ಖಂಡಿತ, ಆ ಏಟಿಗೆ ಉಳಿಯುವುದಿಲ್ಲ ಎನ್ನುತ್ತಾರೆ. ಅದನ್ನು ಮಾಡುವ ಡಾಕ್ಟರು ಹೊರಗಿನಿಂದ ಬಂದವರು, ಇವತ್ತು ಸಂಜೆ ವಾಪಸ್ ಹೊರಡುತ್ತಾರೆ. ನಿನ್ನೆಯೂ ಇವತ್ತು ಬೆಳಿಗ್ಗೆಯೂ ಬಂದು ಮಂಚದ ಪಕ್ಕ ಕೂತು, ನಿಧಾನವಾಗಿ ಬಿಡಿಸಿ ಹೇಳಿ, "ಮಾಡೋಣ್ವಾ ಅಮ್ಮಾ?" ಎಂದು ಕೇಳಿದರು. ಎರಡು ಸಲವೂ ಬೇಡ. ನಾನು ಒಪ್ಪಿಗೆ ಕೊಡುತ್ತೇನೆ ಎಂದು ಅವರ ಕೈ ಹಿಡಿದುಕೊಂಡೆ. "ಇವರಿಗೆ ಬುದ್ಧಿ ನೆಟ್ಟಗಿದೆ, ಎಲ್ಲ ಅರ್ಥವಾಗುತ್ತೆ. ಇವರು ಬೇಡ ಅಂದಮೇಲೆ ನಾನು ಮುಟ್ಟೋ ಹಾಗಿಲ್ಲ" ಎಂದು ಎದ್ದು ಹೋದರು. ಅವರು ಹೋದಮೇಲೆ ನಾನು ನಿನ್ನ ಅಮ್ಮನನ್ನು ಬೈದೆ ಕಣೇ. ಬಾಯಿಗೆ ಬಂದ ಹಾಗೆ ಬೈದೆ. ನನ್ನನ್ನು ಒಂಟಿ ಮಾಡಿ ಹೋಗಬೇಕು ಅಂತ ಕಂಕಣ ಕಟ್ಟಿದ್ದೀಯಾ ಎಂದೆ. ಉಗುರಿನಿಂದ ಆ ಬೊಟ್ಟಿನ ಅಂಚನ್ನು ಪರಪರ ಕೆರೆಯುತ್ತಾ ಮಲಗಿದ್ದಳು. ನಾನು ಮಾಡಿಕೊಟ್ಟ ಗುರುತೂ ಬೇಡವಾಯಿತು ಅವಳಿಗೆ. ಎದ್ದುಬಂದದ್ದನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದೆ.

ಬೇಡ

ನೋಡಿದೆಯಾ? ಈಗ ಮತ್ತೆ ಕೇಳಿದ್ದಕ್ಕೂ ಇದೇ. ಇನ್ನು ನನ್ನ ಕೈಲಾಗುವುದಿಲ್ಲ. ಎದುರು ಬರುವ ಲಾರಿ ಕಣ್ಣಿಗೆ ಕಾಣುತ್ತಿದೆ, ನನ್ನ ಕಾಲ ಕೆಳಗೆ ಬ್ರೇಕೇ ಇಲ್ಲ. ನಿನ್ನ ಮಾತಿಗಾದರೂ ಕರಗುತ್ತಾಳೇನೋ. ಇದನ್ನು ಓದಿದ ತಕ್ಷಣ ಫೋನ್ ಮಾಡು, ಅವಳ ಕಿವಿಯ ಹತ್ತಿರ ಹಿಡಿಯುತ್ತೇನೆ. ಬೇಡ ಅಂದವಳ ಹತ್ತಿರ ಹೇಗೆ ಮಾತಾಡಲಿ ಎಂದು ಮುನಿಸಿಕೊಂಡು ಕೂರಬೇಡ. ಅಪ್ಪ ಬೇಡುತ್ತಿದ್ದಾನೆ ಅಂದುಕೋ. ಅಟ್ಟದ ಏಣಿ ಹತ್ತುವಾಗ ಹುಷಾರು. ಬಂದರೂ ಬಾರದಿದ್ದರೂ ನೀನು ತಣ್ಣಗಿರು ಕಂದಾ, ನಮ್ಮಿಬ್ಬರ ಆಯುಸ್ಸೂ ನಿನಗಿರಲಿ.

ನಿನ್ನ ಅಪ್ಪ,
ಬ್ರೇಕ್ ಮೇಷ್ಟ್ರು

ತಾ.ಕ. ಮಿಣುಕೀ, ಅವಸರದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಸರಿಮಾಡಿ ಓದಿಕೋ. ಸಹಿ ಹಾಕಿ ತಲೆಯೆತ್ತುತ್ತೇನೆ, ಬೊಟ್ಟು ಕಿತ್ತುಬಂದು ಅವಳ ಉಗುರಿಗೆ ಅಂಟಿಕೊಂಡಿದೆ, ಪರದೆಯ ಮೇಲೆ

ಹೌದು

ಎಂದು ಬಿದ್ದಿದೆ. ಬೊಟ್ಟನ್ನು ಮತ್ತೆ ಅಲ್ಲೇ ಇಟ್ಟು ನನ್ನ ಬೆರಳಿನಿಂದಲೇ ಮುಟ್ಟಿದೆ. ಒತ್ತಿದೆ. ಏನೂ ಬೀಳಲಿಲ್ಲ. ಬೆರಳನ್ನು ಬಲಕ್ಕೆ ಎಳೆದೆ. ಬೇಡ ಎಂದು ಬಿತ್ತು. ಮುಟ್ಟಿದರೆ ಸಾಕು ಎನ್ನುವ ಯಂತ್ರಕ್ಕೆ ರಬ್ಬರಿನ ಮೇಲಿಂದ ಬೆರಳೇ ತಿಳಿಯುವುದಿಲ್ಲವಲ್ಲೇ! ಇಷ್ಟು ದಿನ ಅವಳು ಹೌದನ್ನೇ ಮುಟ್ಟಿದ್ದಾಳೆ. ಅವಳ ಬಾಯಿಯನ್ನು ನಾನೇ ನನ್ನ ಕೈಯಾರೆ ಮುಚ್ಚಿ, ಮೇಲೆ ಬೈಯುತ್ತಾ ಕೂತಿದ್ದೇನೆ. ಬೊಟ್ಟು ಕಿತ್ತೆಸೆದು ಆಪರೇಷನ್ ಮಾಡಿಸೋಣ್ವಾ ಎಂದು ಕೇಳಿದೆ.

ಹೌದು

ನರ್ಸಮ್ಮ ಡಾಕ್ಟರನ್ನು ತಡೆಯಲು ಕೆಳಗೆ ಓಡಿದ್ದಾಳೆ. ಆಗಲೇ ಸಂಜೆಯಾಗಿದೆ, ಅವರ ಕಾರು ಗೇಟಿನ ಹತ್ತಿರ ಹೋಗಿಬಿಟ್ಟಿದೆ, ಕಿಟಕಿಯಿಂದ ಕಾಣುತ್ತಿದೆ. ಅವಳು ಕೈ ಬೀಸುತ್ತಿದ್ದಾಳೆ. ಬ್ರೇಕ್ ದೀಪ ಹತ್ತಿತು. ಹತ್ತಿತು ಮಗಳೇ, ಕಾರು ನಿಂತಿತು. ನಾನೂ ಓಡಬೇಕು. ಅದಕ್ಕೆ ಮುಂಚೆ, ಅವತ್ತು ನೀನು ಕೇಳಿದ್ದನ್ನೇ ಅಮ್ಮನಿಗೆ ಇನ್ನೊಂದು ಸಲ ಕೇಳಿದ್ದೇನೆ, ಮಿಣುಕಿ ಬಂದುಬಿಡಲಾ ಅಂತ. ನಾನು ಕೀಬೋರ್ಡ್ ಕೆಳಗಿಡುತ್ತಿದ್ದೇನೆ. ನರ್ಸಮ್ಮ ಬಂದು ಪತ್ರ ಕಳಿಸುತ್ತಾಳೆ. ಇಲ್ಲಿಂದ ಮುಂದೆ ಇರುವುದೆಲ್ಲ ಅಮ್ಮನದು.

ಹೌದು ಹೌದು ಬಾ ಹೌದು ಬಾ ಬಾ