ಗಾಳಿ ಬರದ ಮೂಲೆ

ಹೊಸ ತಿಪ್ಪಸಂದ್ರ
೧೨ ಆಗಸ್ಟ್ ೨೦೨೪

ಪ್ರಿಯ ಸೀತಾ,

ನೀನು ಹಲಸೂರಿಗೆ ನಿಮ್ಮಕ್ಕನ ಮನೆಗೆ ಹೋಗಿ ಇಪ್ಪತ್ತು ದಿನವಾಯಿತು. ಇಷ್ಟು ಹತ್ತಿರದಿಂದ ಕಾಗದವೇ ಎಂದು ನಗಬೇಡ, ನಕ್ಕರೆ ನಿನಗೆ ಕೆಮ್ಮು. ಫೋನಿನಲ್ಲಿ ನೀನು ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತೀಯ. ಆಗ ನಾನೇ ಫೋನ್ ಇಟ್ಟುಬಿಡುತ್ತೇನೆ. ತಡವಾಯಿತು, ಕ್ಷಮಿಸು.

ಇಲ್ಲಿ ಎಲ್ಲ ಹಾಗೇ ಇದೆ. ನಿನ್ನ ಆಕ್ಸಿಜನ್ ಯಂತ್ರವಿದ್ದ ಕಡೆ ಗೋಡೆ ಒಂದು ಚೌಕದಷ್ಟು ಬೆಳ್ಳಗಿದೆ. ಫ್ಯಾಕ್ಟರಿಯಲ್ಲಿ ಪೈಲಟ್‌ಗಳ ಆಕ್ಸಿಜನ್ ರೆಗ್ಯುಲೇಟರ್ ಪರೀಕ್ಷಿಸುತ್ತಲೇ ಇದ್ದೇನೆ. "ಏನ್ ಗುರು, ಭಾಭಿ ಲಂಗ್ಸ್‌ಗೂ ಒಂದು ಪಾಸ್ ಸ್ಟಿಕ್ಕರ್ ಅಂಟಿಸ್ಬಿಡೋದಲ್ವಾ?" ಎಂದ ಪಕ್ಕದ ಬೆಂಚಿನ ರಿಜ್ವಾನ್. ನಾನು ನಗಲಿಲ್ಲವೆಂದು ಆಮೇಲೆ ಟೀ ಕುಡಿಸಿದ. ಈ ಕಾಗದ ತರುವವನೂ ಅವನೇ.

ಶನಿವಾರ ಒಬ್ಬನೇ ಹೋಗಿ ಡಾಕ್ಟರ್ ಸಾಮಿಯಾ ಅವರನ್ನು ಕಂಡೆ. ನಿನ್ನ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏಕೆ ಏರಿತೆಂಬುದು ಅವರಿಗೂ ಗೊಂದಲ.

"ಮೈಯಲ್ಲಿ ಬೇರೆ ಕಡೆ ಆಕ್ಸಿಜನ್ ಕಮ್ಮಿ ಆದ್ರೆ ರಕ್ತನಾಳ ಅಗಲ ಆಗುತ್ತೆ ಸಾರ್. ಲಂಗ್ಸಲ್ಲಿ ಉಲ್ಟಾ, ಮುದುಡ್ಕೊಳ್ಳುತ್ತೆ. ಗಾಳಿ ಬರದ ಮೂಲೆಗೆ ರಕ್ತ ಕಳ್ಸಿ ಏನ್ ಪ್ರಯೋಜನ? ಗಾಳಿ ಇರೋ ಕಡೆಗೆ ತಿರುಗಿಸುತ್ತೆ."

"ಅದಕ್ಕೆ ಹೇಗೆ ಗೊತ್ತಾಗುತ್ತೆ ಮೇಡಂ?"

"ನಾಳದ ಗೋಡೇಲಿರೋ ಸ್ನಾಯುನೇ ಕಂಡ್ಕೊಳ್ಳುತ್ತೆ. ಮೆದುಳನ್ನ ಕೇಳ್ಕೊಂಡು ಕೂರಲ್ಲ. ಆದ್ರೆ ಎಲ್ಲಾ ಕಡೆನೂ ಕಮ್ಮಿ ಆದ್ರೆ ಎಲ್ಲಾ ನಾಳಾನೂ ಮುದುಡುತ್ತೆ, ಹೃದಯ ತಳ್ಳಿ ತಳ್ಳಿ ಸೋತೋಗುತ್ತೆ. ಅದಕ್ಕೇ ಯಂತ್ರ ನಿಲ್ಲಿಸ್ಬೇಡಿ ಅನ್ನೋದು. ನಿಮ್ಮ ಮನೆಯವ್ರು ನಿಲ್ಸೋದೇ ಇಲ್ಲ ಅಂತಾರೆ. ಹಾಗಾದ್ರೆ ಬೇರೆ ಏನ್ ಕಾರಣ ಅಂತ ಶುಕ್ರವಾರ ಹೃದಯದೊಳಗೆ ಟ್ಯೂಬ್ ಹಾಕಿ ನೋಡ್ಲೇಬೇಕು."

ಬಸ್ಸಿನಲ್ಲಿ ಅದೇ ಯೋಚನೆ. ಉಸಿರಿಲ್ಲದ ಮೂಲೆಯಿಂದ ಮುಖ ತಿರುಗಿಸುವುದು ಜಾಣತನವೋ, ಬೇರೇನೋ? ಯಂತ್ರದ ಸದ್ದಿಗೆ ನಾನು ಮಂಚವನ್ನು ಹಾಲ್‌ಗೆ ಎಳೆದುಕೊಂಡೆನಲ್ಲ, ಅದನ್ನೂ ಯಾರನ್ನೂ ಕೇಳಿ ಮಾಡಿರಲಿಲ್ಲ. ನೀನು ಬಾಗಿಲಲ್ಲಿ ನಿಂತು, "ಹಾಲಲ್ಲಿ ಸೆಖೆ ಕಣ್ರೀ" ಎಂದೆ, ಅಷ್ಟೆ.

ನಿಮ್ಮಕ್ಕನಿಗೆ ನಮಸ್ಕಾರ ತಿಳಿಸು. ನಿನ್ನ ಉಸಿರು ಹಗುರಾಗಲಿ.

ನಿನ್ನ
ಹಯಗ್ರೀವ

ಮರೆತದ್ದಲ್ಲ, ಮೇಲೆ ಬರೆಯಲಾಗದ್ದು: ಯಂತ್ರ ನಿಲ್ಲುತ್ತಿತ್ತು ಸೀತಾ. ಮೊದಲ ಪಾಳಿ ಮುಗಿಸಿ ಮಧ್ಯಾಹ್ನ ಬಂದಾಗ ನೀನು ನಿದ್ದೆಯಲ್ಲಿರುತ್ತಿದ್ದೆ. ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುತ್ತಿದ್ದೆ: ತೊಂಬತ್ತಮೂರು. ನಮ್ಮ ಬೆಂಚಿನಲ್ಲಿ ಮೀಟರಿನ ಮುಳ್ಳು ಗುರುತಿಗೆ ಬಂದು ನಿಂತರೆ ಪರೀಕ್ಷೆ ಮುಗಿಯಿತು, ಆಕ್ಸಿಜನ್ ಲೈನ್ ಬಿಚ್ಚುತ್ತೇವೆ. ಹಾಗೇ ಯಂತ್ರ ಆರಿಸುತ್ತಿದ್ದೆ. ನೀನು ಏಳುವ ಮುಂಚೆ ಮತ್ತೆ ಹಾಕುತ್ತಿದ್ದೆ. ನಾಲ್ಕು ತಿಂಗಳು, ದಿನಾ ಎರಡು ಮೂರು ಗಂಟೆ. ಆರಿಸಿದ ಮೇಲೆ ಒಮ್ಮೆಯೂ ನಿನ್ನ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಲಿಲ್ಲ. ಮಾಡಿದ್ದು ಅಭ್ಯಾಸಬಲದಿಂದಲೋ, ಆ ಸದ್ದು ನಿಲ್ಲಲೆಂದೋ, ಈಗಲೂ ನನಗೆ ಸ್ಪಷ್ಟವಿಲ್ಲ. ಶುಕ್ರವಾರಕ್ಕೆ ಮುಂಚೆ ಇದನ್ನು ಡಾಕ್ಟರಿಗೆ ತೋರಿಸು. ಮೊದಲು ನೀನು ಓದು, ನಿಧಾನವಾಗಿ, ನಳಿಕೆ ಮೂಗಿನಲ್ಲಿ ಇಟ್ಟುಕೊಂಡೇ.