ಸುಳ್ಳು ಹೇಳದ ಪೆಟ್ಟಿಗೆ

ಮನೆ ಹಿಂದಿನ ಶೆಡ್,
ಮಾರ್ಚ್ 9, ಭಾನುವಾರ ಬೆಳಗ್ಗೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಕತ್ತಿನ ಮೇಲೆ ಎದ್ದಿದ್ದ ಗುಳ್ಳೆಗಳು ಕಡಿಮೆಯಾದವೇ? ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನಿಗೆ ಮಂಡಿನೋವು ಮೆಟ್ಟಿಲು ಕಂಡಾಗ ಮಾತ್ರ ನೆನಪಾಗುತ್ತದೆ. ನೀನು ನನಗೆ ಫೋನ್ ಮಾಡಿ ಇಪ್ಪತ್ತೆರಡು ದಿನವಾಯಿತು. "ಅಪ್ಪ ಮಗಳು ಇಬ್ರೂ ಒಂದು ಡಬ್ಬಕ್ಕೋಸ್ಕರ ಟೂ ಬಿಟ್ಟಿದ್ದೀರಾ?" ಎಂದು ಅಮ್ಮ ರೇಗಿಸುತ್ತಾಳೆ. ನಿನ್ನ ಕಾರಿನ ಎಂಜಿನ್ನಿಗೆ ಚಿಕ್ಕ ಎಲೆಕ್ಟ್ರಾನಿಕ್ ಪೆಟ್ಟಿಗೆ ಸಾಕೆಂದು ನೀನು ಹೇಳಿದೆಯಂತೆ, ನಾನು ಹ್ಞೂಂ ಅಂದೆನಂತೆ. ಆಮೇಲೆ ದೊಡ್ಡದನ್ನು ತಂದೆ. ಕೋಪ ಬಂದಿದ್ದರೆ ನ್ಯಾಯವೇ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನೀನು ಹಡಗಿಗೆ ಹೋಗುವ ಮೊದಲೇ ಗಾಳಿ ತುಂಬುವ ಟರ್ಬೊ, ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರು ಎರಡನ್ನೂ ಕೂರಿಸಿದ್ದೆಯಲ್ಲ, ಇಷ್ಟು ಗಾಳಿ ಒಳಗೆ ಬರುತ್ತದೆ ಎಂಬುದು ಕಾರಿನ ಹಳೆಯ ಕಂಪ್ಯೂಟರಿಗೆ ಗೊತ್ತಿಲ್ಲ. ಅಂಗಡಿಯವನು ಚಿಕ್ಕ ಪೆಟ್ಟಿಗೆಯನ್ನು ಒಂದು ವಾರ ಹಾಕಿ ನೋಡಲು ಕೊಟ್ಟ. ಅದರ ಕಸುಬೇನು ಗೊತ್ತೇ? ಗಾಳಿ ಅಳೆಯುವ ಸೆನ್ಸರಿಗೂ ಕಂಪ್ಯೂಟರಿಗೂ ನಡುವೆ ಕೂತು, ಬಂದ ಗಾಳಿ ಇಷ್ಟೇ ಎಂದು ಸುಳ್ಳು ಹೇಳುವುದು. "ಸುಳ್ಳು ಹೇಳಿದ್ರೂ ಕಾರು ಓಡುತ್ತೆ ಬಿಡಿ ಸಾರ್" ಎಂದ ಪುಣ್ಯಾತ್ಮ. ಓಡಿತು, ನಿಜ. ಆದರೆ ಆಸ್ಪತ್ರೆ ಹಿಂದಿನ ಏರುರಸ್ತೆಯಲ್ಲಿ ನಾನು ಆರಾಮವಾಗಿ ಆಕ್ಸಿಲರೇಟರ್ ಒತ್ತಿಕೊಂಡು ಹೋಗುತ್ತಿದ್ದಾಗ ಅಮ್ಮ ನನ್ನ ತೋಳು ಹಿಡಿದಳು. "ರೀ, ಡಬ್ಬದಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗಿದೆ, ನಿಲ್ಲಿಸ್ರೀ!" ನಾಕಿಂಗ್! ಸಿಲಿಂಡರಿನೊಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಸಿಡಿಯುತ್ತಿತ್ತು. ಇನ್ನೊಂದು ನಿಮಿಷ ಹೋಗಿದ್ದರೆ ಪಿಸ್ಟನ್ ತೂತಾಗುತ್ತಿತ್ತು. ಮೂವತ್ತನಾಲ್ಕು ವರ್ಷ ಮೆಕ್ಯಾನಿಕನ ಜೊತೆ ಬಾಳಿದ್ದಕ್ಕೆ ಇಷ್ಟಾದರೂ ಬರಬೇಡವೇ ಎಂದು ಅವಳಿಗೆ ಈಗ ಭಾರಿ ಜಂಬ.

ಮರುದಿನವೇ ಅದನ್ನು ವಾಪಸು ಕೊಟ್ಟು, ಹಳೆಯ ಕಂಪ್ಯೂಟರನ್ನೇ ತೆಗೆದು ಅದರ ಜಾಗದಲ್ಲಿ ಕೂರುವ ದೊಡ್ಡದನ್ನು ತಂದೆ. ಪೆಟ್ರೋಲೆಷ್ಟು, ಕಿಡಿ ಯಾವಾಗ, ಎಲ್ಲವನ್ನೂ ನಾವೇ ಬರೆದು ತುಂಬಬೇಕು. ವೈರಿಂಗ್ ಹೊಸದಾಗಿ ಎಳೆದಿದ್ದೇನೆ, ಹಳೆಯದರಲ್ಲಿ ಒಂದು ತಂತಿಯನ್ನೂ ಕತ್ತರಿಸಿಲ್ಲ. ನಾಕಿಂಗ್ ಶುರುವಾದರೆ ಲ್ಯಾಪ್‌ಟಾಪ್ ಪರದೆಯ ಮೇಲೆ ಕೆಂಪು ಗೆರೆ ಏಳುತ್ತದೆ, ಕಣ್ಣಿಗೆ ಕಾಣುತ್ತದೆ. ನನಗೆ ಹಿಡಿಸಿದ್ದು ಅದೇ.

ಊಟ ತಪ್ಪಿಸಬೇಡ. ಬಿಸಿ ಪೈಪುಗಳ ಹತ್ತಿರ ಜಡೆ ಬಿಗಿಯಾಗಿ ಕಟ್ಟಿಕೋ. ನೂರು ಕಾಲ ಸುಖವಾಗಿರು.

ನಿನ್ನ
ಅಪ್ಪ

ಇನ್ನೊಂದು ಮಾತು: ನೀನು ಕಳಿಸಿದ ಮೆಸೇಜನ್ನು ಅಮ್ಮ ಈಗಷ್ಟೇ ತೋರಿಸಿದಳು. ನಿನ್ನ ಬೇಸರ ಪೆಟ್ಟಿಗೆಗಲ್ಲವಂತೆ. "ಈ ರಜೆಗೆ ನಾನು ಬರೋದು ಬೇಡ್ವಾ ಅಪ್ಪಾ?" ಎಂದು ಅವತ್ತು ಫೋನಿನಲ್ಲಿ ಕೇಳಿದೆಯಂತೆ, ಅದಕ್ಕೂ ನಾನು ಹ್ಞೂಂ ಅಂದೆನಂತೆ. ಪುಟ್ಟೀ, ನನಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ. ಒಂದು ವರ್ಷವಾಯಿತು, ಅಮ್ಮನಿಗೂ ಹೇಳಿರಲಿಲ್ಲ. ಏರಿನಲ್ಲಿ ಆ ಗೋಲಿ ಸದ್ದು ನನಗೆ ಕೇಳಲೇ ಇಲ್ಲ. ಫೋನಿನಲ್ಲಿ ನಿನ್ನ ಮಾತು ನಿಂತಿತು ಅನ್ನಿಸಿದಾಗಲೆಲ್ಲ ಒಂದು ಹ್ಞೂಂ ಹಾಕುತ್ತಿದ್ದೆ, ಆ ಚಿಕ್ಕ ಪೆಟ್ಟಿಗೆಯ ಹಾಗೆ. ಹೊಸ ಪೆಟ್ಟಿಗೆ ಕೂರಿಸಿದ ಮೇಲೆ ಎಂಜಿನ್ ಇನ್ನೂ ಸ್ಟಾರ್ಟ್ ಮಾಡಿಲ್ಲ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡು ಹೇಳಲು ನೀನೇ ಬೇಕು. ಬಾ.